ಆಡಿಟ್ ಕಚೇರಿಯೊಳಗೊಂದು ಬ್ಲಾಗ್: ನನ್ನ ಅನುಭವ

ಮಂಗಳೂರಿನ ಹಂಪನಕಟ್ಟೆಯ ಸಮೀಪದ ನಮ್ಮ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸಿಬ್ಬಂದಿ, ಆರ್ಟಿಕಲ್ (ಸಿಎ ಓದುತ್ತಾ ಕಚೇರಿಯಲ್ಲಿ ತರಬೇತಿ ಪಡೆಯುವ) ಹುಡುಗ ಹುಡುಗಿಯರೆಲ್ಲ ಸೇರಿ ಸುಮಾರು ಇಪ್ಪತ್ತು ಜನರಿದ್ದೇವೆ. ಕಚೇರಿಯವರಿಗೆ ಮಾತ್ರ ತೆರೆಯುವ ಬ್ಲಾಗೊಂದನ್ನು 2021ರಿಂದ ನಡೆಸುತ್ತಿದ್ದೇವೆ. ಆರಂಭದಲ್ಲಿ "ವಾಟ್ಸಾಪ್ ಗ್ರೂಪ್ ಇರುವಾಗ ಇದೆಲ್ಲ ಎಂತಕ್ಕೆ ಮಾರಾಯ್ರೆ?" ಎಂದು ನಕ್ಕಿದ್ದ ಪರಿಚಯದ ಸಿಎ ಒಬ್ಬರು ಈಚೆಗೆ ಬಂದು, ಅರ್ಧ ದಿನ ಕುಳಿತು, ಎಲ್ಲವನ್ನೂ ನೋಡಿ ಬರೆದುಕೊಂಡು ಹೋದರು. ಇನ್ನೂ ಕೆಲವರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ವೃತ್ತಿಯಲ್ಲಿ ತಿಳಿವಳಿಕೆ ಸೋರಿಹೋಗುವ ದಾರಿ ಎಲ್ಲರಿಗೂ ಗೊತ್ತು. ಆರ್ಟಿಕಲ್‌ಶಿಪ್ ಮುಗಿದ ದಿನ ಹುಡುಗ ಹೊರಡುತ್ತಾನೆ, ಅವನೊಂದಿಗೆ ಹತ್ತಾರು ಫೈಲುಗಳ ಒಳಗುಟ್ಟೂ ಹೊರಡುತ್ತದೆ. 2023ರ ಜುಲೈಯಲ್ಲಿ ಬಂದ ಹೊಸ ಪದ್ಧತಿಯಲ್ಲಿ ಈ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದ ಮೇಲಂತೂ ಕೈ ಪಳಗುವಷ್ಟರಲ್ಲಿ ಬೀಳ್ಕೊಡುಗೆಯ ಹೊತ್ತಾಗಿರುತ್ತದೆ.

ಬ್ಲಾಗಿಗೆ ಮೊದಲು ನಾವು ಸುರಿದ ಹಣವನ್ನು ಹೇಳಲೇಬೇಕು. ಜಿಎಸ್‌ಟಿ ಬಂದ ಹೊಸತರಲ್ಲಿ ಹೊರ ಊರಿನ ಕಂಪನಿಯೊಂದರಿಂದ ಕಡತ ನಿರ್ವಹಣೆಯ ಸಾಫ್ಟ್‌ವೇರ್ ಕೊಂಡೆವು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಇಪ್ಪತ್ತು ಸಾವಿರದಂತೆ ಎರಡು ವರ್ಷ ಕಟ್ಟಿದೆವು. ಅದರಲ್ಲಿ ತೆರಿಗೆ ಇಲಾಖೆಯ ನೋಟಿಸಿನ ಪ್ರತಿಯೂ ನಮ್ಮ ಉತ್ತರದ ಪ್ರತಿಯೂ ಅಚ್ಚುಕಟ್ಟಾಗಿ ಇರುತ್ತಿದ್ದವು; ಆ ಉತ್ತರವನ್ನೇ ಏಕೆ ಕೊಟ್ಟೆವು ಎಂಬುದು ಮಾತ್ರ ಹಿರಿಯ ಪಾಲುದಾರರ ತಲೆಯಲ್ಲೇ ಉಳಿಯುತ್ತಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಕಾರಣಗಳಿದ್ದವು, ಆದರೆ ತುಳುವಿನ ವಾಯ್ಸ್ ಮೆಸೇಜುಗಳಲ್ಲಿದ್ದುದರಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ಮೂರನೆಯದು ವಿಕಿ, ಅಂದರೆ ಎಲ್ಲರೂ ಸೇರಿ ಬರೆದು ತಿದ್ದುವ ಪುಟಗಳು. ಡೇಟಾಬೇಸ್ ಬೇಡದ, ಪುಟಗಳನ್ನು ಸಾದಾ ಪಠ್ಯದ ಫೈಲುಗಳಲ್ಲಿ ಇಡುವ ಡೊಕುವಿಕಿಯನ್ನು 2019ರಲ್ಲಿ ಹಾಕಿದೆವು. ತಂತ್ರಾಂಶ ಚೆನ್ನಾಗಿತ್ತು. ಆದರೆ ಹಿರಿಯರು ಬರೆದ ಪ್ಯಾರಾವನ್ನು ತಿದ್ದುವ ಧೈರ್ಯ ಆರ್ಟಿಕಲ್ ಹುಡುಗರಿಗೆ ಬರಲಿಲ್ಲ, ತಿದ್ದಿದವರ ಹೆಸರು ಪುಟದ ಮೇಲೆ ಎದ್ದು ಕಾಣುತ್ತಲೂ ಇರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಾನೂನಿನದೇ ಆಗಿತ್ತು. ಸರಬರಾಜುದಾರರು ತಮ್ಮ ರಿಟರ್ನ್‌ನಲ್ಲಿ ತೋರಿಸದ ಬಿಲ್ಲುಗಳ ಮೇಲೆ ಎಷ್ಟು ಐಟಿಸಿ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆದುಕೊಳ್ಳುವ ಸೌಲಭ್ಯ) ಪಡೆಯಬಹುದೆಂಬ ಜಿಎಸ್‌ಟಿಯ 36(4)ನೇ ನಿಯಮವನ್ನು ನೆನಪಿಸಿಕೊಳ್ಳಿ. 2019ರ ಅಕ್ಟೋಬರಿನಲ್ಲಿ ಶೇ. 20 ಇದ್ದ ಮಿತಿ 2020ರ ಜನವರಿಯಿಂದ ಶೇ. 10, 2021ರ ಜನವರಿಯಿಂದ ಶೇ. 5 ಆಯಿತು, 2022ರ ಜನವರಿಯಿಂದ ಜಿಎಸ್‌ಟಿಆರ್-2ಬಿಯಲ್ಲಿ (ಸರಬರಾಜುದಾರರ ರಿಟರ್ನ್‌ಗಳಿಂದ ತಾನಾಗಿ ತಯಾರಾಗುವ ಪಟ್ಟಿ) ಕಂಡದ್ದಕ್ಕೆ ಮಾತ್ರ ಐಟಿಸಿ. ವಿಕಿಯಲ್ಲಿ ಪ್ರತಿ ಸಲ ಹೊಸ ಅಂಕಿ ಹಳೆಯದರ ಮೇಲೆ ಕುಳಿತುಕೊಳ್ಳುತ್ತಿತ್ತು. ಹಳೆಯ ಆವೃತ್ತಿಗಳು ಒಳಗೆ ಇರುತ್ತವೆ ನಿಜ, ಅವನ್ನು ತೆರೆದು ನೋಡುವವರಿಲ್ಲ. ಬ್ಲಾಗಿಗೆ ಬಂದಾಗ ಆ ಆವೃತ್ತಿಗಳನ್ನು ಹೊರತೆಗೆದು, ಒಂದೊಂದನ್ನೂ ಅದರದೇ ದಿನಾಂಕ ಹಾಕಿ ಬೇರೆ ಬೇರೆ ಪೋಸ್ಟ್ ಮಾಡಿಸಿದೆ. ಇದು ವ್ಯರ್ಥ ಶ್ರಮವೆಂದು ಪಾಲುದಾರರೇ ಗೊಣಗಿದ್ದರು. 2024ರಲ್ಲಿ 2019-20ನೇ ಸಾಲಿನ ನೋಟಿಸುಗಳು ಸಾಲುಸಾಲಾಗಿ ಬಂದಾಗ, ಆ ಸಾಲಿನ ಯಾವ ತಿಂಗಳಿಗೆ ಎಷ್ಟು ಮಿತಿ ಎಂಬುದನ್ನು ಆಗಷ್ಟೇ ಸೇರಿದ್ದ ಹುಡುಗಿ ಐದು ನಿಮಿಷದಲ್ಲಿ ತೆಗೆದುಕೊಟ್ಟಳು. ಗೊಣಗಾಟ ಅಂದಿಗೆ ನಿಂತಿತು.

ವ್ಯವಸ್ಥೆ ಸರಳವಾಗಿದೆ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿ, ವರ್ಡ್‌ಪ್ರೆಸ್ ಕೂರಿಸಿ, ಕಚೇರಿಯ ನೆಟ್‌ವರ್ಕ್ ಒಳಗಷ್ಟೇ ತೆರೆಯುವಂತೆ ಮಾಡಿದೆವು. ಮಳೆಗಾಲದಲ್ಲಿ ಕರೆಂಟು ಕೈಕೊಡುವುದರಿಂದ ಯುಪಿಎಸ್ ಬೇಕಾಯಿತು. ಬ್ಯಾಕಪ್ ಡಿಸ್ಕ್ ಸೇರಿ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಶೀರ್ಷಿಕೆ ಯಾವಾಗಲೂ ಪ್ರಶ್ನೆಯ ರೂಪದಲ್ಲಿರಬೇಕು, ಬರೆದವರ ಹೆಸರು ಮೇಲೆಯೇ ಕಾಣಬೇಕು, ಪ್ರಕಟಿಸಿದ್ದನ್ನು ತಿದ್ದದೆ ಹೊಸ ಪೋಸ್ಟ್ ಬರೆದು ಹಳೆಯದಕ್ಕೆ ಕೊಂಡಿ ಕೊಡಬೇಕು. ಕ್ಲೈಂಟಿನ ಹೆಸರಿಗೂ ಜಿಎಸ್‌ಟಿ ನಂಬರಿಗೂ ಪ್ರವೇಶವಿಲ್ಲ. ಊರಿನ ಹೆಸರು ಕೂಡ ಬೇಡ, ನಮ್ಮ ಕಡೆ ಊರು ಹೇಳಿದರೆ ಕಾರ್ಖಾನೆ ಯಾರದೆಂದು ತಿಳಿದುಬಿಡುತ್ತದೆ.

ಅತಿ ಹೆಚ್ಚು ಓದಿಸಿಕೊಂಡಿರುವ ಪೋಸ್ಟಿನ ಶೀರ್ಷಿಕೆ "ಸಿಪ್ಪೆ ತೆಗೆಯದ ಗೇರುಬೀಜಕ್ಕೆ ತೆರಿಗೆ ಕಟ್ಟಬೇಕಾದವರು ಯಾರು?" ಎಂದಿದೆ. ಬೆಳೆಗಾರನಿಂದ ನೇರವಾಗಿ ಕೊಂಡರೆ ನೋಂದಾಯಿತ ಖರೀದಿದಾರನೇ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವನ ಬದಲು ಕೊಳ್ಳುವವನೇ ತೆರಿಗೆ ಕಟ್ಟುವ ಪದ್ಧತಿ) ಕಟ್ಟಬೇಕು, ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ತೆರಿಗೆ ಬಿಲ್ಲಿನಲ್ಲೇ ಬರುತ್ತದೆ, ಆಮದಾದರೆ ಬಂದರಿನಲ್ಲೇ ಐಜಿಎಸ್‌ಟಿ (ಆಮದಿಗೂ ಅಂತರರಾಜ್ಯ ವ್ಯಾಪಾರಕ್ಕೂ ಬೀಳುವ ಜಿಎಸ್‌ಟಿ) ಆಗಿಹೋಗುತ್ತದೆ: ಉತ್ತರ ಇಷ್ಟೇ. ಅದರ ಕೆಳಗೆ ಆರ್ಟಿಕಲ್ ಹುಡುಗನೊಬ್ಬ "ಸರ್, ಬೀಡಿ ಎಲೆಗೂ ಹೀಗೆಯೇ?" ಎಂದು ಕೇಳಿದ್ದಾನೆ. ಬೆಳೆಗಾರನಿಂದ ಕೊಂಡ ಬೀಡಿ ಎಲೆಗೂ ರಿವರ್ಸ್ ಚಾರ್ಜೇ ಎಂದು ಪಾಲುದಾರರು ಅಲ್ಲಿಯೇ ಉತ್ತರಿಸಿದ್ದಾರೆ. ಎದುರು ನಿಂತು ಕೇಳಲು ಅಂಜುವ ಹುಡುಗರು ಇಲ್ಲಿ ಧಾರಾಳವಾಗಿ ಕೇಳುತ್ತಾರೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಹೊಸ ಪೋಸ್ಟ್ ಬಂದಾಗಲೆಲ್ಲ ಇಮೇಲ್ ಹೋಗುವಂತೆ ಮಾಡಿದ್ದನ್ನು ಒಬ್ಬರೂ ತೆರೆಯಲಿಲ್ಲ. ವಾರದ ಶೀರ್ಷಿಕೆಗಳನ್ನು ಅಚ್ಚು ಹಾಕಿ ಕುಡಿಯುವ ನೀರಿನ ಫಿಲ್ಟರಿನ ಮೇಲೆ ಅಂಟಿಸಿದಾಗ ಎಲ್ಲರೂ ಓದತೊಡಗಿದರು. ಬಾಕ್ಸ್ ಫೈಲಿನ ಬೆನ್ನಿಗೆ ಕ್ಯೂಆರ್ ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿದರೆ ಸಂಬಂಧಪಟ್ಟ ಪೋಸ್ಟ್ ತೆರೆಯುವಂತೆಯೂ ಮಾಡಿದ್ದೆ. ಕರಾವಳಿಯ ತೇವಕ್ಕೆ ಚೀಟಿಗಳು ಎರಡನೆಯ ಮಳೆಗಾಲ ದಾಟಲಿಲ್ಲ. ಬರೆಯಲು ಬೇಸರಪಡುವವರಿಗೆ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ತೋರಿಸಿಕೊಟ್ಟದ್ದು ಮಾತ್ರ ಗಟ್ಟಿಯಾಗಿ ನಿಂತಿದೆ. ಹಿರಿಯ ಪಾಲುದಾರರೂ ವಾರಕ್ಕೊಂದು ಪೋಸ್ಟ್ ಕೊಡುವಂತೆ ಮಾಡಿದ ಉಪಾಯವನ್ನು ಇಲ್ಲಿ ಹೇಳುವಂತಿಲ್ಲ, ಅವರೂ ಇದನ್ನು ಓದುತ್ತಾರೆ. ನಮ್ಮ ಟ್ಯಾಗ್ ಪಟ್ಟಿಯನ್ನೂ ಸದ್ಯಕ್ಕೆ ಕೊಡುವುದಿಲ್ಲ. ಕಲಮಿನ ಸಂಖ್ಯೆಯನ್ನು ಟ್ಯಾಗ್ ಮಾಡಬೇಡಿ, ವಿಷಯವನ್ನು ಮಾಡಿ ಎಂದಷ್ಟೇ ಹೇಳಬಲ್ಲೆ: 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯಿದೆ ಬರುವುದರೊಂದಿಗೆ ಕಲಮುಗಳ ಸಂಖ್ಯೆಗಳೇ ಬದಲಾಗುತ್ತವೆ. ಹಳೆಯ ಪೋಸ್ಟುಗಳ ಕೆಳಗೆ ಹೊಸ ಸಂಖ್ಯೆಗಳನ್ನು ಸೇರಿಸುವ ಕೆಲಸವನ್ನು ಇಬ್ಬರು ಆರ್ಟಿಕಲ್‌ಗಳಿಗೆ ವಹಿಸಿದ್ದೇನೆ.