ಪಂಪ್ ಮೀಟರ್‌ಗೆ ಪೈ ಜೋಡಿಸಿದ್ದು: ಸೀರಿಯಲ್ ಪೋರ್ಟ್ ಅನುಭವ

ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಪಂಪು ಎಷ್ಟು ಕರೆಂಟ್ ತಿನ್ನುತ್ತದೆ ಅನ್ನೋ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಪ್ಯಾನೆಲ್‌ನಲ್ಲಿದ್ದ ಎನರ್ಜಿ ಮೀಟರಿಗೆ ಆರ್‌ಎಸ್-485 ಪೋರ್ಟ್ (ಎರಡು ವೈರಿನಲ್ಲಿ ಡೇಟಾ ಕಳಿಸುವ ಸೀರಿಯಲ್ ಸಂಪರ್ಕ) ಇತ್ತು. ನನ್ನ ಹತ್ತಿರ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಇತ್ತು. ಎರಡನ್ನೂ ಜೋಡಿಸೋಣ ಅಂತ ಕೂತೆ.

ಮೊದಲು ಮೀಟರಿನ ಕೈಪಿಡಿ ಓದಿದೆ. ಮಾಡ್‌ಬಸ್ (ಮೀಟರ್ ಮಾತಾಡುವ ಭಾಷೆ), 9600 ಬಾಡ್ (ಡೇಟಾ ಹೋಗುವ ವೇಗ), ಈವನ್ ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್) ಎಂದಿತ್ತು. ಮುಂದಿನ ದಾರಿ ಅಲ್ಲೇ ತೀರ್ಮಾನವಾಯಿತು. ಏಕೆಂದರೆ ಪೈ 4ರಲ್ಲಿ 8 ಮತ್ತು 10ನೇ ಪಿನ್‌ಗೆ (ಡೇಟಾ ಕಳಿಸುವ, ಪಡೆಯುವ ಪಿನ್‌ಗಳು) ತಾನಾಗಿ ಸಿಗುವುದು ಮಿನಿ ಯುಎಆರ್‌ಟಿ ಅನ್ನೋ ಸರಳ ಸೀರಿಯಲ್ ಪೋರ್ಟ್. ಅದಕ್ಕೆ ಪ್ಯಾರಿಟಿ ಬರುವುದಿಲ್ಲ. ಪ್ಯಾರಿಟಿ ಗೊತ್ತಿರುವ ಪಿಎಲ್011 ಪೋರ್ಟು ಬ್ಲೂಟೂತ್ ಚಿಪ್‌ನ ಕೆಲಸದಲ್ಲಿರುತ್ತದೆ. ಪಂಪ್‌ಹೌಸಿನಲ್ಲಿ ಬ್ಲೂಟೂತ್ ಯಾರಿಗೆ ಬೇಕು ಹೇಳಿ?

ಟರ್ಮಿನಲ್‌ನಲ್ಲಿ ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್ ತೆರೆದು, ಇಂಟರ್ಫೇಸ್ ಆಪ್ಷನ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಆರಿಸಿದೆ. ಅಲ್ಲಿ ಎರಡು ಪ್ರಶ್ನೆ ಬರುತ್ತವೆ. ಸೀರಿಯಲ್ ಮೇಲೆ ಲಾಗಿನ್ ಬೇಕಾ? ಬೇಡ. ಹಾರ್ಡ್‌ವೇರ್ ಪೋರ್ಟ್ ಆನ್ ಆಗಬೇಕಾ? ಹೌದು. ಮೊದಲ ಉತ್ತರದಲ್ಲಿ ತುಂಬಾ ಜನ ಎಡವುತ್ತಾರೆ. ಲಾಗಿನ್ ಆನ್ ಇಟ್ಟರೆ ಬೂಟ್ ಆಗುವಾಗಿನ ಸಂದೇಶವೆಲ್ಲ ಮೀಟರಿನ ವೈರಿಗೆ ಹೋಗುತ್ತದೆ. ಮೀಟರ್ ಕೊಟ್ಟ ಉತ್ತರವನ್ನು ಲಾಗಿನ್ ಪ್ರೋಗ್ರಾಮ್ ನುಂಗುತ್ತದೆ.

ಆಮೇಲೆ ಕಾನ್ಫಿಗ್ ಫೈಲಿನಲ್ಲಿ ಬ್ಲೂಟೂತ್ ಆಫ್ ಮಾಡುವ ‘ಡಿಸೇಬಲ್-ಬಿಟಿ’ ಓವರ್‌ಲೇ (ಹಾರ್ಡ್‌ವೇರ್ ಸೆಟ್ಟಿಂಗ್ ಬದಲಿಸುವ ಸಾಲು) ಸೇರಿಸಿದೆ. ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಈ ಫೈಲ್ ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ಹಳೇ ಜಾಗದಲ್ಲಿ ಹುಡುಕಬೇಡಿ. ರೀಬೂಟ್ ಆದ ಮೇಲೆ ‘ಸೀರಿಯಲ್0’ ಅನ್ನೋ ಹೆಸರು ‘ಟಿಟಿವೈ-ಎಎಂಎ0’ (ಅಂದರೆ ಪಿಎಲ್011) ಕಡೆಗೆ ತೋರಿಸುತ್ತಿತ್ತು. ಅದೇ ಬೇಕಾಗಿದ್ದದ್ದು. ಯೂಸರ್ ‘ಡಯಲ್‌ಔಟ್’ (ಸೀರಿಯಲ್ ಪೋರ್ಟ್ ಬಳಸುವ ಅನುಮತಿ ಇರುವ) ಗುಂಪಿನಲ್ಲಿದ್ದರೆ ಪ್ರತಿ ಸಲ ಸುಡೋ ಹಾಕಿ ಅಡ್ಮಿನ್ ಅಧಿಕಾರ ಕೇಳುವ ಕಾಟವಿಲ್ಲ.

ಮೀಟರಿನ ಹತ್ತಿರ ಹೋಗುವ ಮುಂಚೆ, ಕಳಿಸಿದ್ದು ವಾಪಸ್ ಬರುತ್ತದಾ ಎಂದು ನೋಡುವ ಲೂಪ್‌ಬ್ಯಾಕ್ ಪರೀಕ್ಷೆ ಮಾಡಲೇಬೇಕು. 8ನೇ ಪಿನ್ನನ್ನು 10ಕ್ಕೆ ಜಂಪರ್ ವೈರಿನಿಂದ ಸೇರಿಸಿ, ಮಿನಿಕಾಮ್ ಅನ್ನೋ ಸೀರಿಯಲ್ ಟರ್ಮಿನಲ್ ಪ್ರೋಗ್ರಾಮ್ ತೆರೆದು, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ ಟೈಪ್ ಮಾಡಿದೆ. ಅಕ್ಷರ ವಾಪಸ್ ಬಂತು. ವೈರ್ ಕಿತ್ತರೆ ನಿಂತಿತು. ಇನ್ನು ಮುಂದೆ ತೊಂದರೆ ಬಂದರೂ ಅದು ಪೈ ಒಳಗಿಲ್ಲ ಅನ್ನೋದು ಖಾತ್ರಿಯಾಯಿತು. ಇದು ದೊಡ್ಡ ನೆಮ್ಮದಿ.

ಪೈಯ ಸೀರಿಯಲ್ ಸಿಗ್ನಲ್ಲನ್ನು ಆರ್‌ಎಸ್-485ಕ್ಕೆ ಬದಲಿಸುವ ಕನ್ವರ್ಟರ್ ಮಾಡ್ಯೂಲ್ ತರಲು ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ತೋರಿಸಿದ್ದು 5 ವೋಲ್ಟಿನ ಮ್ಯಾಕ್ಸ್485. ಪೈಯ ಪಿನ್ನುಗಳು 3.3 ವೋಲ್ಟ್‌ನವು, 5 ವೋಲ್ಟ್ ತಾಳುವುದಿಲ್ಲ.

“ಅಣ್ಣಾ, 3.3 ವೋಲ್ಟ್‌ದು ಇದ್ಯಾ?”

“ಇದೆ ಸಾರ್, ರೇಟ್ ಸ್ವಲ್ಪ ಜಾಸ್ತಿ.”

ಮ್ಯಾಕ್ಸ್3485 ತಗೊಂಡೆ. ಬೋರ್ಡ್ ಉಳಿಯುವುದಾದರೆ ಆ ದುಡ್ಡು ಏನೂ ಅಲ್ಲ.

ಪ್ಯಾನೆಲ್ ಒಳಗೆ ತ್ರೀ ಫೇಸ್ ಇರುವುದರಿಂದ ಆರ್‌ಎಸ್-485ನ ಎ, ಬಿ ವೈರ್ ಎಳೆಯುವುದನ್ನು ಎಲೆಕ್ಟ್ರೀಷಿಯನ್‌ಗೆ ಬಿಟ್ಟೆ. ಪೈಥಾನ್‌ನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದು ವೋಲ್ಟೇಜ್ ಕೇಳಿದೆ. ಮೀಟರ್ ಉತ್ತರ ಕೊಟ್ಟಿತು! ಒಂದೊಂದು ಅಳತೆಯೂ 16 ಬಿಟ್‌ನ ಎರಡು ರಿಜಿಸ್ಟರ್‌ಗಳಲ್ಲಿ (ಮೀಟರಿನ ಸಂಖ್ಯೆ ಇಡುವ ಖಾನೆಗಳು) ಹಂಚಿ ಬರುತ್ತದೆ. ಯಾವುದು ಮೊದಲು ಅನ್ನೋದನ್ನು ಕೈಪಿಡಿ ನೋಡಿಯೇ ಜೋಡಿಸಬೇಕು. ಇಲ್ಲದಿದ್ದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ.

ಈಗ ನಿಮಿಷಕ್ಕೊಮ್ಮೆ ವೋಲ್ಟೇಜ್, ಆಂಪ್ಸ್, ಯೂನಿಟ್ ಮೂರೂ ಫೈಲಿಗೆ ಹೋಗುತ್ತಿವೆ. ಲಿಫ್ಟಿನ ಮೀಟರನ್ನೂ ಇದೇ ಎರಡು ವೈರಿಗೆ ಸೇರಿಸುವುದಿದೆ. ಅದಕ್ಕೆ ಬೇರೆ ಅಡ್ರೆಸ್ ಕೊಟ್ಟು, ಬಾಡ್ ಮತ್ತು ಪ್ಯಾರಿಟಿ ಮಾತ್ರ ಇದರದ್ದೇ ಇಡಬೇಕು.