ಸಿಡಿಯಲಿರುವ ನಕ್ಷತ್ರಕ್ಕೆ ಕಾವಲು: ಮಾಳಿಗೆಯಿಂದ ಲೆಕ್ಕದ ಹಾಳೆಯವರೆಗೆ

ಟಿ ಕರೋನೇ ಬೊರಿಯಾಲಿಸ್ ಎಂಬ ನಕ್ಷತ್ರ 1866ರಲ್ಲಿ ಸಿಡಿಯಿತು, 1946ರಲ್ಲಿ ಮತ್ತೆ ಸಿಡಿಯಿತು. ಅಂತರ ಎಂಬತ್ತು ವರ್ಷ. ಮುಂದಿನ ಸರದಿ 2024ರಲ್ಲೇ ಬಂದೀತೆಂದು ಹಲವರು ಲೆಕ್ಕ ಹಾಕಿದ್ದರು. ಆ ವರ್ಷ ಅದು ಸುಮ್ಮನೆ ಕುಳಿತಿತ್ತು. ನಾನು ಚಳ್ಳಕೆರೆಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಈ ನಕ್ಷತ್ರವನ್ನು ಕಾಯುವುದು ಹೇಗೆ, ಕಾದದ್ದನ್ನು ಲೆಕ್ಕಕ್ಕೆ ತರುವುದು ಹೇಗೆ ಎಂದು ನನ್ನ ಮಕ್ಕಳಿಗೆ ಹೇಳಿಕೊಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ದೂರದರ್ಶಕ ಬೇಕೇಬೇಕೆಂದಿಲ್ಲ. ಒಂದು ನೋಟ್‌ಬುಕ್, ಸರಿಯಾದ ಗಡಿಯಾರ, ಕೆಂಪು ಹಾಳೆ ಸುತ್ತಿದ ಟಾರ್ಚ್ ಇದ್ದರೆ ಆರಂಭಿಸಬಹುದು.

ಮೊದಲು ಜಾಗ ಗುರುತಿಸಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಆಕಾಶದಲ್ಲಿ ಇದು ಸಿಗುತ್ತದೆ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಸ್ವಾತಿಯಿಂದ ಅಭಿಜಿತ್‌ಗೆ ಮನಸ್ಸಿನಲ್ಲೇ ಗೆರೆ ಎಳೆದು, ಮೂರನೇ ಒಂದು ಭಾಗ ಸಾಗಿದರೆ ಬಳೆಯ ತುಂಡಿನಂತೆ ಬಾಗಿದ ಸಣ್ಣ ನಕ್ಷತ್ರಗಳ ಗುಂಪು ಕಾಣುತ್ತದೆ. ಅದೇ ಉತ್ತರ ಕಿರೀಟ. ಅದರಲ್ಲಿ ಎದ್ದು ಕಾಣುವುದು ಆಲ್ಫೆಕ್ಕಾ, ಕಾಂತಿಮಾನ 2.2. (ಕಾಂತಿಮಾನ ಎಂದರೆ ನಕ್ಷತ್ರದ ಬೆಳಕಿನ ಅಳತೆ; ಅಂಕಿ ಕಡಿಮೆಯಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನ.) ಪೂರ್ವದ ತುದಿಯ ಕಡೆ ಎಪ್ಸಿಲಾನ್ ಎಂಬ ನಕ್ಷತ್ರ ಇದೆ, 4.1. ಅದರಿಂದ ದಕ್ಷಿಣಕ್ಕೆ ಸುಮಾರು ಒಂದು ಡಿಗ್ರಿ, ಎಂದರೆ ಎರಡು ಹುಣ್ಣಿಮೆ ಚಂದ್ರರಷ್ಟು ದೂರದಲ್ಲಿ, ನಮ್ಮ ನಕ್ಷತ್ರ. ಸುಮ್ಮನಿರುವಾಗ ಅದರ ಕಾಂತಿಮಾನ ಸುಮಾರು 10. ಬರಿಗಣ್ಣಿಗೆ ಆ ಜಾಗ ಪೂರ್ತಿ ಖಾಲಿ. ಆ ಖಾಲಿ ಜಾಗವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸಿಡಿದಾಗ ಕಾಂತಿಮಾನ 2ರ ಆಸುಪಾಸಿಗೆ ಏರುತ್ತದೆ, ಆಲ್ಫೆಕ್ಕಾಗೆ ಸರಿಸಾಟಿಯಾದ ಒಂದು ಹೊಸ ನಕ್ಷತ್ರ ಕಿರೀಟದ ಪಕ್ಕದಲ್ಲಿ ಕುಳಿತಿರುತ್ತದೆ.

“ಏನೂ ಕಾಣದಿದ್ದರೆ ಏನು ಬರೆಯುವುದು, ಟೀಚರ್?” ಎಂದು ಮಕ್ಕಳು ಕೇಳುತ್ತಾರೆ. ಕಾಣಲಿಲ್ಲ ಎಂದೇ ಬರೆಯಬೇಕು, ಆದರೆ ಎಷ್ಟರವರೆಗೆ ಕಾಣಲಿಲ್ಲ ಎಂಬುದನ್ನೂ ಸೇರಿಸಿ ಬರೆಯಬೇಕು. ಆ ರಾತ್ರಿ ಅದೇ ಭಾಗದಲ್ಲಿ ನಿಮ್ಮ ಕಣ್ಣಿಗೆ ದಕ್ಕಿದ ಅತಿ ಮಂದ ನಕ್ಷತ್ರ ಕಿರೀಟದಲ್ಲೇ ಇರುವ ಐಯೋಟಾ ಆಗಿದ್ದರೆ, ಅದರ ಕಾಂತಿಮಾನ 5.0. ಆಗ “5.0ಕ್ಕಿಂತ ಮಂದ” ಎಂದು ದಾಖಲಿಸಿ. ಇದು ಖಾಲಿ ದಾಖಲೆಯಲ್ಲ. 1866ರ ಮೇ 12ರ ರಾತ್ರಿ ಐರ್ಲೆಂಡಿನ ಟ್ಯೂಮ್ ಊರಿನಲ್ಲಿ ಜಾನ್ ಬರ್ಮಿಂಗ್‌ಹ್ಯಾಮ್ ಈ ನಕ್ಷತ್ರ ಬೆಳಗಿದ್ದನ್ನು ಕಂಡರು. ಅದೇ ರಾತ್ರಿ ಕೆಲವೇ ಗಂಟೆಗಳ ಮೊದಲು ಅಥೆನ್ಸ್‌ನಲ್ಲಿ ಯೂಲಿಯಸ್ ಸ್ಮಿಟ್ ಅದೇ ಭಾಗವನ್ನು ನೋಡಿದ್ದರು, ಅಲ್ಲಿ ಹೊಸದೇನೂ ಇರಲಿಲ್ಲ. ಏರಿಕೆ ಎಷ್ಟು ಕಡಿದಾಗಿತ್ತು ಎಂದು ಇವತ್ತು ನಾವು ಹೇಳಬಲ್ಲೆವಾದರೆ ಅದಕ್ಕೆ ಸ್ಮಿಟ್ ಕಾಣದೇ ಇದ್ದದ್ದೇ ಆಧಾರ. ಕಂಡವರ ಹೆಸರು ಪತ್ರಿಕೆಗೆ ಬರಬಹುದು. ಕಾಣದವರ ದಾಖಲೆ ಇಲ್ಲದೆ ಏರಿಕೆಯ ಗೆರೆ ಎಳೆಯಲು ಬರುವುದಿಲ್ಲ. ಭಾರತದ ರೇಖಾಂಶದಲ್ಲಿ ಇರುವವರಿಗೆ ಈ ಕೆಲಸ ಇನ್ನೂ ಮುಖ್ಯ: ನಮಗೆ ಸಂಜೆ ಎಂಟಾದಾಗ ಯುರೋಪಿನಲ್ಲಿ ಮಧ್ಯಾಹ್ನ, ಅಮೆರಿಕದಲ್ಲಿ ಬೆಳಗ್ಗೆ.

ಸಮಯವನ್ನು ನೋಡಿದ ಕ್ಷಣದಲ್ಲೇ ಬರೆಯಿರಿ, ಕೆಳಗಿಳಿದ ಮೇಲೆ ಅಲ್ಲ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಖಗೋಳದಲ್ಲಿ ಜೂಲಿಯನ್ ದಿನ, ಎಂದರೆ ತಿಂಗಳು ವರ್ಷಗಳಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುವ ಸಂಖ್ಯೆ, ಬಳಸುತ್ತಾರೆ. ಅದು ಗ್ರೀನಿಚ್‌ನ ಮಧ್ಯಾಹ್ನಕ್ಕೆ, ಎಂದರೆ ನಮ್ಮ ಸಂಜೆ 5.30ಕ್ಕೆ ಬದಲಾಗುತ್ತದೆ. ಹಾಗಾಗಿ ನಮ್ಮ ಇಡೀ ರಾತ್ರಿ ಒಂದೇ ಜೂಲಿಯನ್ ದಿನದೊಳಗೆ ಬೀಳುತ್ತದೆ, ನಡುರಾತ್ರಿಯಲ್ಲಿ ತಾರೀಖು ಬದಲಾಗುವ ಗೊಂದಲವಿಲ್ಲ. ರಾತ್ರಿ 8.30 ಎಂದರೆ ದಿನ ಹುಟ್ಟಿ ಮೂರು ಗಂಟೆ, ಪೂರ್ಣಾಂಕದ ಮುಂದೆ .125 ಎಂದು ಬರೆದರಾಯಿತು.

ಕಾಂತಿಮಾನ ಅಂದಾಜು ಮಾಡುವುದಕ್ಕೆ ಹೋಲಿಕೆಯೇ ದಾರಿ. ನಿಮ್ಮ ನಕ್ಷತ್ರ ಎಪ್ಸಿಲಾನ್‌ಗಿಂತ (4.1) ಮಂದ, ಐಯೋಟಾಗಿಂತ (5.0) ಪ್ರಕಾಶಮಾನ ಎಂದಿಟ್ಟುಕೊಳ್ಳಿ. ನಡುವಿನ ಅಂತರ 0.9. ಎಪ್ಸಿಲಾನ್‌ನಿಂದ ಮೂರನೇ ಒಂದು ಭಾಗ ಇಳಿದಂತೆ ಕಂಡರೆ ಅಂದಾಜು 4.4. ಹೋಲಿಸುವ ನಕ್ಷತ್ರಗಳು ಒಂದೇ ಎತ್ತರದಲ್ಲಿರಲಿ. ಧ್ರುವ ನಕ್ಷತ್ರದ ಕಾಂತಿಮಾನ 2.0 ಎಂದು ಅದನ್ನೇ ಹಿಡಿಯಬೇಡಿ: ನಮ್ಮೂರಿನಿಂದ ಅದು ದಿಗಂತದ ಮೇಲೆ ಕೇವಲ 14 ಡಿಗ್ರಿ, ದಪ್ಪ ಗಾಳಿಯ ಪದರ ಅರ್ಧ ಕಾಂತಿಮಾನಕ್ಕಿಂತ ಹೆಚ್ಚನ್ನೇ ನುಂಗಿರುತ್ತದೆ. ಕೆಂಪು ಬಣ್ಣದ ನಕ್ಷತ್ರವನ್ನು ದಿಟ್ಟಿಸಿ ನೋಡಬೇಡಿ. ದಿಟ್ಟಿಸಿದಷ್ಟೂ ಅದು ಹೆಚ್ಚು ಬೆಳಗಿದಂತೆ ತೋರುತ್ತದೆ. ಚುಟುಕು ನೋಟ ಸಾಕು. ಪಕ್ಕದವರ ಅಂಕಿಯನ್ನು ಕೇಳಿ ನಿಮ್ಮದನ್ನು ತಿದ್ದಬೇಡಿ. ನನ್ನ ಮಾಳಿಗೆಯ ಮೇಲೆ ಮಕ್ಕಳು ಮೌನವಾಗಿ ಬರೆದು, ಎಲ್ಲರೂ ಮುಗಿಸಿದ ಮೇಲೆ ಮಾತ್ರ ಓದಿ ಹೇಳುತ್ತಾರೆ. 1911ರಿಂದ ಇಂಥ ದಾಖಲೆಗಳನ್ನು ಕೂಡಿಡುತ್ತಿರುವ ಅಮೆರಿಕದ ಎಎವಿಎಸ್‌ಒ (ಬೆಳಕು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ) ಸಂಸ್ಥೆ ಹೋಲಿಕೆ ನಕ್ಷತ್ರಗಳ ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ, ನಿಮ್ಮ ಅಂಕಿಗಳನ್ನೂ ಸ್ವೀಕರಿಸುತ್ತದೆ. ಬೈನಾಕ್ಯುಲರ್ ಇದ್ದವರು ಅದನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಆ ನಕ್ಷೆ ಹಿಡಿದು ಇನ್ನೂ ಮಂದ ಮಿತಿಯವರೆಗೆ ಹೋಗಬಹುದು.

ಇನ್ನು ಲೆಕ್ಕ. ಕಾಂತಿಮಾನದಲ್ಲಿ ಐದರ ಅಂತರ ಎಂದರೆ ಬೆಳಕಿನಲ್ಲಿ ನೂರು ಪಟ್ಟು. 10ರಿಂದ 2ಕ್ಕೆ ಎಂಟರ ಅಂತರ, 10ನ್ನು 3.2ರ ಘಾತಕ್ಕೇರಿಸಿದರೆ ಸುಮಾರು 1,600 ಪಟ್ಟು. ಇಷ್ಟು ಬೆಳಕು ಎಲ್ಲಿಂದ? ಅಲ್ಲಿರುವುದು ಜೋಡಿ: ಒಂದು ಕೆಂಪು ದೈತ್ಯ (ಉಬ್ಬಿದ ಮುದಿ ನಕ್ಷತ್ರ), ಒಂದು ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು). ಸುಮಾರು 228 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ದೈತ್ಯದ ಹೈಡ್ರೋಜನ್ ಕುಬ್ಜದ ಮೇಲೆ ಸುರಿದು ಪದರಗಟ್ಟುತ್ತದೆ. ಪದರದ ತಳ ಕೋಟಿಗಟ್ಟಲೆ ಡಿಗ್ರಿ ಕಾದಾಗ ಬೈಜಿಕ ದಹನ ಹಿಡಿತ ತಪ್ಪುತ್ತದೆ. ಈ ಕುಬ್ಜದ ದ್ರವ್ಯರಾಶಿ ಶ್ವೇತಕುಬ್ಜವೊಂದು ಹೊರಬಲ್ಲ ಗರಿಷ್ಠ ದ್ರವ್ಯರಾಶಿಯಾದ ಚಂದ್ರಶೇಖರ್ ಮಿತಿಗೆ, ಎಂದರೆ 1.4 ಸೂರ್ಯರಿಗೆ, ಬಹಳ ಹತ್ತಿರ. ಗುರುತ್ವ ಅಷ್ಟು ಬಿಗಿಯಾಗಿರುವುದರಿಂದ ತೆಳುವಾದ ಪದರವೇ ಸಾಕಾಗುತ್ತದೆ. ಹೀಗೆ ಸಿಡಿಯುವ ನಕ್ಷತ್ರಗಳನ್ನು ನೋವಾ ಎನ್ನುತ್ತಾರೆ. ಬೇರೆ ನೋವಾಗಳು ಸಾವಿರಾರು ವರ್ಷ ಕಾಯುವಲ್ಲಿ ಇದು ಎಂಬತ್ತಕ್ಕೇ ಸಿಡಿಯುತ್ತದೆ, ಮತ್ತು ಹೊರಬಿದ್ದ ಪದಾರ್ಥ ಕಡಿಮೆಯಾದ್ದರಿಂದ ಬೇಗನೆ ಮಂಕಾಗುತ್ತದೆ. ಬರಿಗಣ್ಣಿಗೆ ಸಿಗುವುದು ಸುಮಾರು ಒಂದು ವಾರ ಮಾತ್ರ.

ಸಿಡಿದ ಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಕಂಬಸಾಲು ಮಾಡಿ: ಸಿಡಿದಾಗಿನಿಂದ ಕಳೆದ ದಿನಗಳ ಲಘುಗಣಕ, ಮತ್ತು ಕಾಂತಿಮಾನ. ಬಿಸಿ ಅನಿಲದ ಮೋಡ ಹಿಗ್ಗುತ್ತ ತೆಳುವಾಗುವ ಮಾದರಿಯಲ್ಲಿ ಬೆಳಕು ಕಾಲದ ಮೈನಸ್ 1.75ರ ಘಾತದಂತೆ ಇಳಿಯುತ್ತದೆ. ಹಾಗಾದರೆ ನಕ್ಷೆಯಲ್ಲಿ ನೇರಗೆರೆ ಬರಬೇಕು, ಕಾಲ ಹತ್ತು ಪಟ್ಟಾದಾಗ 4.4 ಕಾಂತಿಮಾನ ಇಳಿಯಬೇಕು. ಸಿಡಿದ ಕ್ಷಣವನ್ನು ಅರ್ಧ ದಿನ ತಪ್ಪಾಗಿ ಹಿಡಿದರೂ ಆರಂಭದ ಬಿಂದುಗಳು ಗೆರೆ ಬಿಟ್ಟು ಬಾಗುತ್ತವೆ. “ಕಾಣಲಿಲ್ಲ” ಎಂಬ ನಿಮ್ಮ ಸಾಲುಗಳು ಬೆಲೆ ಬಾಳುವುದು ಇಲ್ಲೇ.

ನಕ್ಷತ್ರವೇ ಸ್ಫೋಟಿಸಿ ಮುಗಿಯುವ ಸೂಪರ್‌ನೋವಾದ ಲೆಕ್ಕ ಬೇರೆ, ಮತ್ತು ನನಗೆ ಅದು ಇನ್ನೂ ಸುಂದರ. ನಮ್ಮ ನೋವಾ ಸುಮಾರು 3,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದರಿಂದ ನಿರಪೇಕ್ಷ ಕಾಂತಿಮಾನ (ಎಲ್ಲ ನಕ್ಷತ್ರಗಳನ್ನೂ ಒಂದೇ ದೂರದಲ್ಲಿಟ್ಟು ಅಳೆದ ಕಾಂತಿಮಾನ) ಮೈನಸ್ 7.8ರಷ್ಟು ಬರುತ್ತದೆ. ಒಂದು-ಎ ಬಗೆಯ, ಎಂದರೆ ಶ್ವೇತಕುಬ್ಜವೇ ಸ್ಫೋಟಿಸುವ, ಸೂಪರ್‌ನೋವಾದ್ದು ಮೈನಸ್ 19.3, ಎಂದರೆ ಇದರ ಸುಮಾರು ನಲವತ್ತು ಸಾವಿರ ಪಟ್ಟು. ಅದನ್ನು ಬೆಳಗಿಸುವುದು ವಿಕಿರಣಶೀಲ ನಿಕಲ್-56. ಅದರ ಅರ್ಧಾಯು (ಅರ್ಧ ಭಾಗ ಕರಗಲು ಬೇಕಾದ ಕಾಲ) 6.1 ದಿನ; ಅದು ಕೋಬಾಲ್ಟ್-56 ಆಗುತ್ತದೆ, 77 ದಿನಗಳ ಅರ್ಧಾಯುವಿನಲ್ಲಿ ಅದು ಕಬ್ಬಿಣವಾಗುತ್ತದೆ. ಒಂದು ಸೂರ್ಯನಷ್ಟು ನಿಕಲ್ ಇದ್ದರೆ ಶಕ್ತಿ ಹೀಗೆ: 1,680 ಕೋಟಿ ಸೂರ್ಯರನ್ನು ‘ಇ’ಯ (ಸುಮಾರು 2.718) ಮೈನಸ್ ದಿನ ಭಾಗಿಸು 8.8 ಘಾತದಿಂದ ಗುಣಿಸಿ, 380 ಕೋಟಿಯನ್ನು ‘ಇ’ಯ ಮೈನಸ್ ದಿನ ಭಾಗಿಸು 111.3 ಘಾತದಿಂದ ಗುಣಿಸಿ, ಎರಡನ್ನೂ ಕೂಡಿಸಿ. 19ನೇ ದಿನಕ್ಕೆ, ಗರಿಷ್ಠ ಬೆಳಕಿನ ಹೊತ್ತಿಗೆ, 194 ಮತ್ತು 320 ಕೋಟಿ ಸಿಗುತ್ತದೆ. ನಿಕಲ್ 0.6 ಸೂರ್ಯನಷ್ಟಿದ್ದರೆ ಸುಮಾರು 310 ಕೋಟಿ ಸೂರ್ಯರ ಬೆಳಕು. ಹತ್ತನೇ ತರಗತಿಯ ಗಣಿತ ಬಲ್ಲ ಮಕ್ಕಳು ಇದನ್ನು ಮಾಡಿ ಮುಗಿಸಿದಾಗ ಅವರ ಮುಖ ನೋಡಬೇಕು!

ಇದೇ ಸೂತ್ರ ಕೋಬಾಲ್ಟ್ ಹಂತದಲ್ಲಿ ನೂರು ದಿನಕ್ಕೆ 0.98 ಕಾಂತಿಮಾನದ ಇಳಿಕೆ ಹೇಳುತ್ತದೆ. 1987ರಲ್ಲಿ ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ಸಿಡಿದ ಸೂಪರ್‌ನೋವಾ 1987ಎ ಒಟ್ಟು ಬೆಳಕಿನಲ್ಲಿ ಬಹುಕಾಲ ಹಾಗೆಯೇ ಇಳಿಯಿತು. ಅದರ ನಿಕಲ್ 0.07 ಸೂರ್ಯ. ಒಂದು-ಎ ಬಗೆಯವು ಇದಕ್ಕಿಂತ ವೇಗವಾಗಿ ಇಳಿಯುತ್ತವೆ. ಅವುಗಳ ಹೊದಿಕೆ ತೆಳು, ಗಾಮಾ ಕಿರಣಗಳು ಬೆಳಕಾಗದೆ ಹೊರಗೆ ಸೋರಿಹೋಗುತ್ತವೆ. ಸ್ವಂತ ಅಂಕಿ ಇಲ್ಲದವರು 2023ರ ಮೇ 19ರಂದು ಕೋಯಿಚಿ ಇಟಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಕಂಡ ಸೂಪರ್‌ನೋವಾ 2023ಐಎಕ್ಸ್‌ಎಫ್‌ನ ಸಾರ್ವಜನಿಕ ದಾಖಲೆ ತೆಗೆದುಕೊಂಡು ಕೊನೆಯ ಹಂತಕ್ಕೆ ಈ ಗೆರೆಯನ್ನು ಹೊಂದಿಸಿ ನೋಡಬಹುದು. ಲಡಾಖ್‌ನ ಹಾನ್ಲೆಯ ಎರಡು ಮೀಟರ್‌ನ ಚಂದ್ರ ದೂರದರ್ಶಕವೂ ಅದನ್ನು ಹಿಂಬಾಲಿಸಿತ್ತು. ಆ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ.

ಟಿ ಕರೋನೇ ಬೊರಿಯಾಲಿಸ್ ಬರಿಗಣ್ಣಿಗೆ ಮರೆಯಾದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ಹಿಂದಿನ ಎರಡೂ ಸಲ ಸುಮಾರು ನೂರು ದಿನಗಳ ನಂತರ ಅದು ಮತ್ತೆ 8ನೇ ಕಾಂತಿಮಾನದವರೆಗೆ ಏರಿತ್ತು, ನಿಮ್ಮ ನೇರಗೆರೆ ಅದನ್ನು ಹೇಳುವುದಿಲ್ಲ. ಅದಕ್ಕೆ ಬೈನಾಕ್ಯುಲರ್ ಬೇಕು. ಶಾಲೆಯಲ್ಲಿ ಒಂದಿದ್ದರೆ ಈಗಲೇ ಬೀರುವಿನಿಂದ ಹೊರತೆಗೆಸಿ, ಮಸೂರದ ಬೂಷ್ಟು ಒರೆಸಿಡಿ.