ಮುರಕಲ್ಲಿನ ಪದವಿನಲ್ಲಿ ವೆಸ್ಟರ್ನ್: ಬೆನ್ನಟ್ಟುವ ಕಥೆಯನ್ನು ಕಡಿಮೆ ಖರ್ಚಿನಲ್ಲಿ ಚಿತ್ರೀಕರಿಸುವ ಬಗೆ

ತಲೆಗೆ ಇನಾಮು ಘೋಷಣೆಯಾದ ದರೋಡೆಕೋರನೊಬ್ಬನನ್ನು, ಇನಾಮಿಗಾಗಿ ಆಳು ಹಿಡಿಯುವ ಬೌಂಟಿ ಹಂಟರ್‌ಗಳು ಬೆನ್ನಟ್ಟುವ ಕಥೆಗೆ ಪೇಟೆಯ ಸೆಟ್ಟಾಗಲಿ ಜನಜಂಗುಳಿಯಾಗಲಿ ಬೇಕಿಲ್ಲ. ನಾಲ್ವರು ನಟರು ಮತ್ತು ಅಡಗಲು ಮರೆಯಿಲ್ಲದ ಬಯಲು ಇದ್ದರೆ ಸಾಕು. 1965ರಲ್ಲಿ ಸಿನಿಮಾ ನಿರ್ದೇಶಕ ಮಾಂಟೆ ಹೆಲ್‌ಮನ್ ಅಮೆರಿಕದ ಯೂಟಾ ರಾಜ್ಯದ ಒಣನೆಲದಲ್ಲಿ ಒಂದರ ಬೆನ್ನಿಗೊಂದರಂತೆ ಎರಡು ಅಗ್ಗದ ವೆಸ್ಟರ್ನ್‌ಗಳನ್ನು (ಹಳೆಯ ಅಮೆರಿಕದ ಪಶ್ಚಿಮ ಭಾಗದ ಕುದುರೆ, ಬಂದೂಕುಗಳ ಕಥೆಗಳನ್ನು) ತೆಗೆದದ್ದು ಹೀಗೆಯೇ. ಮಂಗಳೂರು, ಉಡುಪಿಯ ಸುತ್ತಿನವರಾದ ನಮಗೆ ಅಂಥ ಬಯಲು ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಸಿಗುತ್ತದೆ.

ಚಿತ್ರಕಥೆಯಲ್ಲಿ ಬೆನ್ನಟ್ಟುವವರ ಒಳಲೆಕ್ಕಾಚಾರಕ್ಕೆ ಹೆಚ್ಚು ಜಾಗ ಕೊಡಿ. ಬೌಂಟಿ ಹಂಟರ್ ಷೆರಿಫನಲ್ಲ, ಅಂದರೆ ಸರ್ಕಾರದ ಪೊಲೀಸ್ ಅಧಿಕಾರಿಯಲ್ಲ. ಅವನಿಗೆ ಸಂಬಳವಿಲ್ಲ, ಆಳು ಕೈಗೆ ಸಿಕ್ಕರಷ್ಟೇ ಹಣ. ಜಾಮೀನು ನಿಂತವರು ತಪ್ಪಿಸಿಕೊಂಡವನನ್ನು ಬೇರೆ ರಾಜ್ಯದವರೆಗೂ ಅಟ್ಟಿಕೊಂಡು ಹೋಗಬಹುದು, ಅಗತ್ಯವಿದ್ದರೆ ಅವನ ಮನೆಯ ಬಾಗಿಲು ಮುರಿಯಬಹುದು, ತಮ್ಮ ಪರವಾಗಿ (ಬೌಂಟಿ ಹಂಟರನಂಥ) ಬೇರೆಯವರನ್ನೂ ಕಳಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1872ರ ಟೇಲರ್–ಟೈಂಟರ್ ಮೊಕದ್ದಮೆಯಲ್ಲಿ ಹೇಳಿತ್ತು. ಇಷ್ಟು ಅಧಿಕಾರವೂ ಇನಾಮಿನ ಆಸೆಯೂ ಕೂಡಿದ ಮೂವರು ಜೊತೆಯಾಗಿ ಹೊರಟರೆ, ಹಣವನ್ನು ಮೂರು ಪಾಲು ಮಾಡಲೇಬೇಕೇ ಎಂಬ ಯೋಚನೆ ಪ್ರತಿಯೊಬ್ಬನಲ್ಲೂ ಹುಟ್ಟುತ್ತದೆ. ರಾತ್ರಿ ಬೆಂಕಿಯ ಸುತ್ತ ಕುಳಿತವರಲ್ಲಿ ಯಾರೂ ಮೊದಲು ಮಲಗಲು ಒಪ್ಪದ ಒಂದು ದೃಶ್ಯ, ನನ್ನ ದೃಷ್ಟಿಯಲ್ಲಿ, ಹತ್ತು ಗುಂಡಿನ ಕಾಳಗಗಳಿಗಿಂತ ಬಿಗಿಯಾದದ್ದು.

ಮಳೆಗಾಲದಲ್ಲಿ ಹಸುರಾಗಿರುವ ಪದವಿನ ಹುಲ್ಲು ಜನವರಿಯ ಹೊತ್ತಿಗೆ ಒಣಗಿ ಕಂದಾಗುವುದರಿಂದ, ಅಲ್ಲಿಂದ ಮಾರ್ಚ್‌ವರೆಗೆ ಚಿತ್ರೀಕರಣ ಇಟ್ಟುಕೊಳ್ಳಿ. ತೆಂಗಿನ ತಲೆ, ಅಕೇಶಿಯಾ ತೋಪು, ವಿದ್ಯುತ್ ಕಂಬಗಳು ಚೌಕಟ್ಟಿನೊಳಗೆ ಬಾರದಂತೆ ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವಿಟ್ಟು ಆಕಾಶವನ್ನು ತುಂಬಿಸಿ. ಕೆಲಸ ನಿಂತ ಕಲ್ಲುಕೋರೆಯ ಕೆಂಪು ಗೋಡೆಗಳು ಕಣಿವೆಯಂತೆ ಕಾಣುತ್ತವೆ. ಆದರೆ ಜಾಗದ ಯಜಮಾನರ ಅನುಮತಿಯಿಲ್ಲದೆ ಇಳಿಯಬೇಡಿ, ನೀರು ನಿಂತ ಕೋರೆಗಂತೂ ಹೋಗಲೇಬೇಡಿ.

ಕುದುರೆಯನ್ನು ಚಿತ್ರದಲ್ಲಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕಾಗುತ್ತದೆ, ಬಾಡಿಗೆಯೂ ಕೈಗೆಟುಕುವುದಿಲ್ಲ. ಆದ್ದರಿಂದ ದರೋಡೆಕೋರನ ಕುದುರೆ ಕಥೆ ಶುರುವಾಗುವ ಮೊದಲೇ ಸತ್ತಿರಲಿ, ಅವನು ಜೀನನ್ನು ಹೆಗಲ ಮೇಲೆ ಹೊತ್ತು ನಡೆಯಲಿ. ಬೆನ್ನಟ್ಟುವವರ ಕುದುರೆಗಳು ಕಿವಿಗೆ ಮಾತ್ರ ಬೀಳಲಿ: ಗೆರಟೆಯ ಎರಡು ಹೋಳುಗಳನ್ನು ಮೊದಲು ಮರಳಿನ ಮೇಲೆ, ಆಮೇಲೆ ಮಣ್ಣಿನ ಮೇಲೆ, ಕೊನೆಗೆ ಮುರಕಲ್ಲಿನ ಮೇಲೆ ಬಡಿದು ಧ್ವನಿಮುದ್ರಿಸಿಕೊಂಡರೆ, ಗೊರಸಿನ ಸದ್ದು ದೃಶ್ಯದಿಂದ ದೃಶ್ಯಕ್ಕೆ ಗಟ್ಟಿಯಾಗುತ್ತಾ ಹತ್ತಿರವಾಗುತ್ತದೆ. ಬಂದೂಕು ಮರದ್ದೇ ಆದರೂ ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ.

ಓಡುವವನು ಚಿತ್ರದುದ್ದಕ್ಕೂ ಪರದೆಯ ಎಡದಿಂದ ಬಲಕ್ಕೇ ಸಾಗಬೇಕು, ಬೆನ್ನಟ್ಟುವವರೂ ಅದೇ ದಿಕ್ಕಿನಲ್ಲಿ ಬರಬೇಕು. ಅವನು ಬಲದಿಂದ ಎಡಕ್ಕೆ ನಡೆಯುವ ಒಂದೇ ಒಂದು ಶಾಟ್ ಇರಲಿ. ಇನ್ನು ಓಡುವುದಿಲ್ಲವೆಂದು ಅವನು ತೀರ್ಮಾನಿಸಿದ್ದು ಅಲ್ಲಿ ಮಾತಿಲ್ಲದೆಯೇ ತಿಳಿಯುತ್ತದೆ.